‘ಪ್ಲೇ’ ಎಂಬ ಒಂದು ಪದ: ಚೀನೀಯರಿಗೆ ಇಂಗ್ಲಿಷ್ ಕಲಿಸುವ ಕನ್ನಡಿಗರಿಗೆ, ಹಂತ ಹಂತವಾಗಿ

ಚೀನಾದ ಯಿವು ಊರಿನಲ್ಲಿ ಗುಂಡಿ, ಜಿಪ್ಪು, ರಿಬ್ಬನ್ನು ಮಾರುವ ಹೆಂಗಸೊಬ್ಬರು ನನ್ನ ಮೊದಲ ವಿದ್ಯಾರ್ಥಿ. ಷಾಂಘೈನ ದಕ್ಷಿಣಕ್ಕೆ, ಜೆಜಿಯಾಂಗ್ ಪ್ರಾಂತ್ಯದಲ್ಲಿರುವ ಊರು ಅದು. 1982ರಲ್ಲಿ ಬೀದಿ ಬದಿಯ ಸಂತೆಯಾಗಿ ಶುರುವಾದ ಅಲ್ಲಿನ ಸಣ್ಣ ಸಾಮಾನುಗಳ ಮಾರುಕಟ್ಟೆಗೆ ಈಗ ಲೋಕದ ಎಲ್ಲ ಕಡೆಯಿಂದ ಗಿರಾಕಿಗಳು ಬರುತ್ತಾರೆ, ನಮ್ಮ ದೇಶದವರೂ ಸೇರಿ. ಒಂದು ಸಂಜೆ ಅವರು ಮೊಬೈಲನ್ನು ನನ್ನ ಮುಂದೆ ಹಿಡಿದು, ‘ಲಾವ್‌ಶಿ, ಇದರಲ್ಲಿ ಏನು ತಪ್ಪಿದೆ?’ ಎಂದು ಕೇಳಿದರು. ಲಾವ್‌ಶಿ ಎಂದರೆ ಮೇಷ್ಟ್ರು. ಹೆಂಗಸಾದರೂ ಗಂಡಸಾದರೂ ಅದೇ ಮಾತು. ಹೊರದೇಶದ ಗಿರಾಕಿಯೊಬ್ಬರಿಗೆ ಅವರು ಕಳಿಸಿದ್ದ ಸಂದೇಶ ಹೀಗಿತ್ತು: ‘ಟುಮಾರೊ ನೈಟ್ ಕಮ್ ಟು ಮೈ ಹೋಮ್, ವಿ ಪ್ಲೇ ಟುಗೆದರ್.’ ಎರಡು ದಿನವಾದರೂ ಆತನಿಂದ ಉತ್ತರ ಬಂದಿರಲಿಲ್ಲ.

ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಗಂಡ, ಮಗಳು, ಅತ್ತೆ ಎಲ್ಲ ಇರುವ ಮನೆ. ಹಬೆಯಲ್ಲಿ ಬೇಯಿಸಿದ ಮೀನು, ಊಟವಾದ ಮೇಲೆ ಚಹಾ, ನಾಲ್ಕು ಮಾತು. ಅವರ ಭಾಷೆಯಲ್ಲಿ ‘ಲಾಯ್ ವೋ ಚ್ಯಾ ವಾನ್’ ಎಂದರೆ ‘ನಮ್ಮ ಮನೆ ಕಡೆ ಬನ್ನಿ’ ಎಂಬಷ್ಟೇ ಸರಳವಾದ, ಮರ್ಯಾದೆಯ ಕರೆ. ಕೊನೆಯ ‘ವಾನ್’ಗೆ ನಿಘಂಟಿನಲ್ಲಿ ಮೊದಲು ಸಿಗುವ ಅರ್ಥ ‘ಪ್ಲೇ’. ನಿಘಂಟನ್ನು ನಂಬಿ ಬರೆದರು. ತಪ್ಪು ಅವರದಲ್ಲ, ‘ಪ್ಲೇ ಎಂದರೆ ವಾನ್’ ಎಂದು ಒಂದೇ ಸಾಲಿನಲ್ಲಿ ಕಲಿಸಿ ಮುಂದಕ್ಕೆ ಹೋದ ಪಾಠದ್ದು. ನಾನೂ ಅದೇ ಪಾಠ ಮಾಡಿದ್ದೆ. ಅಂದಿನಿಂದ ಈ ಒಂದು ಪದಕ್ಕೆ ಒಂದು ವಾರ ಕೊಡುತ್ತೇನೆ.

ಯಿವು, ಗುವಾಂಗ್‌ಜೋ, ಶೆನ್‌ಜೆನ್, ಸಿಂಗಪುರ, ಎಲ್ಲೇ ಆಗಲಿ, ಚೀನೀ ಸಹೋದ್ಯೋಗಿಗೋ ಪಕ್ಕದ ಮನೆಯವರಿಗೋ ಇಂಗ್ಲಿಷ್ ಹೇಳಿಕೊಡುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಚೀನೀ ಭಾಷೆ ಬರಬೇಕಾಗಿಲ್ಲ. ಎಂಟೊಂಬತ್ತು ಪದ ಗೊತ್ತಿದ್ದರೆ ಸಾಕು, ಅವನ್ನು ಇಲ್ಲೇ ಕೊಡುತ್ತೇನೆ. ಬೇಕಾದದ್ದು ಒಂದು ನೋಟ್‌ಪುಸ್ತಕ, ಒಂದಿಷ್ಟು ಚೀಟಿ, ದಿನಕ್ಕೆ ಅರ್ಧ ಗಂಟೆ.

ಹಂತ 1: ಮೊದಲು ಕನ್ನಡದಲ್ಲಿ ವಿಂಗಡಿಸಿ

ಪಾಠಕ್ಕೆ ಕೂರುವ ಹಿಂದಿನ ರಾತ್ರಿ ನೀವು ಒಬ್ಬರೇ ಮಾಡಬೇಕಾದ ಕೆಲಸ ಇದು. ಇಂಗ್ಲಿಷಿನವರು ‘ಪ್ಲೇ’ ಅನ್ನುವ ಕಡೆ ನಾವು ಏನೇನು ಅನ್ನುತ್ತೇವೆ, ಬರೆದುಕೊಳ್ಳಿ. ಚಿನ್ನಿದಾಂಡು ಆಡುತ್ತೇವೆ, ಇಸ್ಪೀಟು ಆಡುತ್ತೇವೆ. ವೀಣೆ ಆಡುವುದಿಲ್ಲ, ನುಡಿಸುತ್ತೇವೆ. ಕೊಳಲು ಊದುತ್ತೇವೆ. ಡೊಳ್ಳು ಬಾರಿಸುತ್ತೇವೆ, ಹಲಗೆ ಬಡಿಯುತ್ತೇವೆ, ತಂತಿ ಮೀಟುತ್ತೇವೆ. ನಾಟಕದಲ್ಲಿ ಪಾತ್ರ ಮಾಡುತ್ತೇವೆ, ಯಕ್ಷಗಾನದಲ್ಲಿ ವೇಷ ಕಟ್ಟುತ್ತೇವೆ. ಮೊಬೈಲಿನಲ್ಲಿ ಹಾಡು ಹಾಕುತ್ತೇವೆ.

ಈ ಪಟ್ಟಿ ನಿಮ್ಮ ಕಣ್ಣ ಮುಂದೆ ಇದ್ದರೆ ಪಾಠದ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಚೀನೀ ಭಾಷೆ ಈ ವಿಷಯದಲ್ಲಿ ನಮ್ಮ ಹಾಗೇ ಇದೆ, ಇಂಗ್ಲಿಷಿನ ಹಾಗೆ ಇಲ್ಲ. ಇಂಗ್ಲಿಷ್ ಒಂದನ್ನೇ ಮಾತೃಭಾಷೆಯಾಗಿ ಉಳ್ಳವರಿಗೆ ಹುಡುಕಿ ಕಂಡುಕೊಳ್ಳಬೇಕಾದದ್ದು ನಮಗೆ ಮನೆಯಲ್ಲೇ ಸಿಕ್ಕಿದೆ. ಇದನ್ನು ದೊಡ್ಡ ಆಸ್ತಿ ಎಂದೇ ನಾನು ತಿಳಿದಿದ್ದೇನೆ.

ಹಂತ 2: ಉಸಿರು ಹಾಕಿ ಉಚ್ಚರಿಸಿ

ಇಲ್ಲಿ ತಿದ್ದಿಕೊಳ್ಳಬೇಕಾದವರು ನಾವು. ನಾವು ‘ಪ್ಲೇ’ ಎನ್ನುವಾಗ ‘ಪ’ ಅಲ್ಪಪ್ರಾಣ; ಬಾಯಿಂದ ಗಾಳಿ ಹೊರಬೀಳುವುದಿಲ್ಲ. ಚೀನೀ ಕಿವಿಗೆ ಗಾಳಿಯಿಲ್ಲದ ‘ಪ’ ಕೇಳಿಸುವುದು ಅವರು ರೋಮನ್ ಲಿಪಿಯಲ್ಲಿ ‘ಬಿ’ ಅಕ್ಷರದಿಂದ ಬರೆಯುವ ಧ್ವನಿಯಾಗಿ. ಅಂದರೆ ನೀವು ‘ಪ್ಲೇ’ ಎಂದದ್ದು ಅವರಿಗೆ ‘ಬ್ಲೇ’ ಆಗಿ ತಲಪುತ್ತದೆ. ಮೊದಲ ದಿನ ನನ್ನ ವಿದ್ಯಾರ್ಥಿ ನೋಟ್‌ಪುಸ್ತಕದಲ್ಲಿ ಹಾಗೇ ಬರೆದುಕೊಂಡಿದ್ದನ್ನು ನೋಡಿ ನನಗೆ ಗಾಬರಿಯಾಗಿತ್ತು.

ಪರಿಹಾರ ನಮ್ಮ ವರ್ಣಮಾಲೆಯಲ್ಲೇ ಇದೆ. ತುಟಿ ಪೂರ್ತಿ ಮುಚ್ಚಿ, ‘ಫಲ’ದ ಮಹಾಪ್ರಾಣದಂತೆ ಉಸಿರು ತಳ್ಳಿ: ‘ಫ್ಲೇ’. ಫ್ಯಾನಿನ ‘ಫ’ ಅಲ್ಲ, ಅದರಲ್ಲಿ ಹಲ್ಲು ತುಟಿಗೆ ತಾಗುತ್ತದೆ. ಒಂದು ತೆಳು ಕಾಗದದ ಚೂರನ್ನು ಬಾಯಿಯ ಮುಂದೆ ಹಿಡಿದು ಮೊದಲು ‘ಪೇ’, ಆಮೇಲೆ ‘ಪ್ಲೇ’ ಎಂದು ಹೇಳಿ. ಕಾಗದ ಅಲುಗಬೇಕು.

ಅವರ ಕಡೆಯ ಕಷ್ಟ ಬೇರೆ. ಅವರ ಭಾಷೆಯಲ್ಲಿ ಒತ್ತಕ್ಷರದಂಥ ಜೋಡಿ ವ್ಯಂಜನ ಇಲ್ಲ. ‘ಪ’ ಮತ್ತು ‘ಲ’ ನಡುವೆ ಒಂದು ಸ್ವರ ನುಸುಳಿ ‘ಪುಲೇ’ ಆಗುತ್ತದೆ. ಸಿಚುವಾನ್, ಹುನಾನ್ ಕಡೆಯವರಲ್ಲಿ ಹಲವರು ‘ಲ’, ‘ನ’ ಬೆರೆಸುತ್ತಾರೆ. ಇದನ್ನು ಐದು ನಿಮಿಷಕ್ಕಿಂತ ಹೆಚ್ಚು ತಿಕ್ಕಬೇಡಿ, ದಿನವೂ ಸ್ವಲ್ಪ ಸ್ವಲ್ಪ ಸರಿಯಾಗುತ್ತದೆ.

ಉಸಿರಿನ ಈ ವ್ಯತ್ಯಾಸ ಕಾಣಲೆಂದೇ ಕೆಳಗಿನ ಚೀನೀ ಪದಗಳನ್ನು ನಾನು ನಮ್ಮ ಅಲ್ಪಪ್ರಾಣ, ಮಹಾಪ್ರಾಣಗಳಲ್ಲೇ ಬರೆದಿದ್ದೇನೆ. ರೋಮನ್ ಲಿಪಿಯಲ್ಲಿ ‘ಡಿ’ಯಿಂದ ಶುರುವಾಗುವ ಪದ ಇಲ್ಲಿ ‘ತಾ’ ಎಂದು ಕಂಡರೆ ಅದು ಅಚ್ಚಿನ ತಪ್ಪಲ್ಲ. ಕಿವಿಗೆ ಕೇಳುವುದು ಹಾಗೆಯೇ. ಸ್ವರದ ಏರಿಳಿತವನ್ನು ಮಾತ್ರ ಕನ್ನಡದಲ್ಲಿ ತೋರಿಸಲಾಗದು, ಅದನ್ನು ನಿಮ್ಮ ವಿದ್ಯಾರ್ಥಿಯ ಬಾಯಿಂದಲೇ ಕೇಳಿಕೊಳ್ಳಿ.

ಹಂತ 3: ಕೈಯಿಂದ ಶುರು ಮಾಡಿ

ಇಡೀ ಪಾಠದ ಜೀವ ಇಲ್ಲಿದೆ. ಅವಸರ ಮಾಡಬೇಡಿ, ಎರಡು ದಿನ ತೆಗೆದುಕೊಳ್ಳಿ.

ಚೀಟಿಗಳ ಮೇಲೆ ಒಂದೊಂದು ಚಿತ್ರ ಬಿಡಿಸಿ: ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್, ಪಿಯಾನೊ, ಪಿಟೀಲು, ಕೊಳಲು, ಚದುರಂಗದ ಮಣೆ, ಇಸ್ಪೀಟು, ನಾಟಕದ ಪಾತ್ರ, ಸ್ಪೀಕರು. ಒಂದು ಚೀಟಿ ಎತ್ತಿ, ಮಾತಾಡದೆ ಅಭಿನಯಿಸಿ ತೋರಿಸಲು ವಿದ್ಯಾರ್ಥಿಗೆ ಹೇಳಿ. ಅಭಿನಯ ಮುಗಿದ ಮೇಲೆ ಅದಕ್ಕೆ ಅವರ ಭಾಷೆಯ ಕ್ರಿಯಾಪದ ಕೇಳಿ. ಬರುವ ಉತ್ತರಗಳು ಇವು.

ಬ್ಯಾಸ್ಕೆಟ್‌ಬಾಲಿಗೆ ‘ತಾ’. ಮೂಲ ಅರ್ಥ ಹೊಡೆ. ಪಿಂಗ್‌ಪಾಂಗ್, ಬ್ಯಾಡ್ಮಿಂಟನ್, ಇಸ್ಪೀಟು, ಮಾಜಾಂಗ್ ಎಲ್ಲಕ್ಕೂ ‘ತಾ’ ಆಗುತ್ತದೆ. ಫುಟ್‌ಬಾಲಿಗೆ ‘ಥೀ’, ಅಂದರೆ ಒದೆ. ಉದ್ಯಾನಗಳಲ್ಲಿ ವಯಸ್ಸಾದವರು ಕೂಡ ಪುಕ್ಕದ ಚೆಂಡನ್ನು ಕಾಲಿನಲ್ಲಿ ಚಿಮ್ಮಿಸುತ್ತ ನಿಲ್ಲುವ ಆಟಕ್ಕೂ ಇದೇ ‘ಥೀ’. ಪಿಯಾನೊ, ಗಿಟಾರ್, ಅವರ ಪೀಪಾ ವಾದ್ಯ, ಇವುಗಳಿಗೆ ‘ಥಾನ್’, ಬೆರಳಿನಿಂದ ಮೀಟು. ಪಿಟೀಲಿಗೂ ಎರಡು ತಂತಿಯ ಅರ್‌ಹೂಗೂ ‘ಲಾ’, ಎಳೆ, ಕಮಾನು ಎಳೆಯುತ್ತಾರಲ್ಲ. ಕೊಳಲಿಗೆ ‘ಛ್ವೇಯ್’, ಊದು. ಚದುರಂಗಕ್ಕೆ ‘ಶ್ಯಾ’, ಕೆಳಗಿಡು. ಕಾಯಿಯನ್ನು ಮಣೆಯ ಮೇಲೆ ಇಳಿಸುವ ಚಲನೆ ಅದು. ಪಾತ್ರ ಮಾಡುವುದಕ್ಕೆ ‘ಯೆನ್’. ಸ್ಪೀಕರಿನಲ್ಲಿ ಹಾಡಿಗೆ ‘ಫ಼ಾಂಗ್’; ಇಲ್ಲಿ ಮಾತ್ರ ಹಲ್ಲು ತುಟಿಗೆ ತಾಗಲಿ.

ಈ ‘ಫ಼ಾಂಗ್’ ನನಗೆ ಬಹಳ ಇಷ್ಟವಾದ ಪದ. ಅದಕ್ಕೆ ಬಿಡು ಎಂಬ ಅರ್ಥವೂ ಇದೆ, ಇಡು, ಹಾಕು ಎಂಬ ಅರ್ಥವೂ ಇದೆ. ಸಾರಿಗೆ ಉಪ್ಪು ಹಾಕುವುದಕ್ಕೂ ಅವರಲ್ಲಿ ‘ಫ಼ಾಂಗ್’, ಹಾಡು ಹಾಕುವುದಕ್ಕೂ ‘ಫ಼ಾಂಗ್’. ನಮ್ಮ ಅಡುಗೆಮನೆಯಲ್ಲಿ ಉಪ್ಪು ಹಾಕಿ, ರೇಡಿಯೊದಲ್ಲಿ ಹಾಡು ಹಾಕಿ ಎನ್ನುವ ಹಾಗೆಯೇ. ಇದನ್ನು ವಿದ್ಯಾರ್ಥಿಗೆ ಹೇಳಿದಾಗ ಅವರು ಮೇಜು ತಟ್ಟಿ ಖುಷಿಪಟ್ಟರು. ನಿಮ್ಮ ಪಾಠದಲ್ಲೂ ಹೇಳಿ.

ಈಗ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಕೇಳಿ: ನಿಮ್ಮ ಪದಗಳು ಏನನ್ನು ಹೇಳುತ್ತಿವೆ? ಕೈ ಏನು ಮಾಡುತ್ತದೆ, ಕಾಲು ಏನು ಮಾಡುತ್ತದೆ, ಬಾಯಿ ಏನು ಮಾಡುತ್ತದೆ ಎಂಬುದನ್ನು. ಇಂಗ್ಲಿಷಿನ ‘ಪ್ಲೇ’ ಕೈಕಾಲಿನ ಮಾತನ್ನೇ ಎತ್ತುವುದಿಲ್ಲ. ಹೊಡೆದೆಯೋ ಒದೆದೆಯೋ ಊದಿದೆಯೋ, ಅದಕ್ಕೆ ಬೇಕಿಲ್ಲ. ಆಟ ನಡೆಯಿತು, ನಾದ ಬಂತು, ಪಾತ್ರ ಜೀವ ತಾಳಿತು, ಅಷ್ಟು ಸಾಕು ಅದಕ್ಕೆ. ಹಾಗಾಗಿ ವಿದ್ಯಾರ್ಥಿ ಬಾಯಿಗೆ ‘ಪ್ಲೇ’ ಬರುವ ಮೊದಲು ತನ್ನ ಕೈಯನ್ನು ಮರೆಯಬೇಕು. ಒಂದೊಂದು ಚೀಟಿ ಎತ್ತಿದಾಗಲೂ ಅಭಿನಯ ಮಾಡಿ, ಕೈ ಕೆಳಗಿಳಿಸಿ, ಆಮೇಲೆ ‘ಪ್ಲೇ’ ಎಂದು ಹೇಳುವ ಅಭ್ಯಾಸ ಮಾಡಿಸಿ. ಕೈ ಇಳಿಸುವ ಆ ಒಂದು ಕ್ಷಣ ಮುಖ್ಯ. ನಾಲ್ಕನೆಯ ಸುತ್ತಿಗೆ ‘ಐ ಬೀಟ್ ಬ್ಯಾಸ್ಕೆಟ್‌ಬಾಲ್’, ‘ಶಿ ಪುಲ್ಸ್ ವಯೊಲಿನ್’ ಎಂಬ ವಾಕ್ಯಗಳು ತಾವಾಗಿಯೇ ನಿಲ್ಲುತ್ತವೆ.

ಹಂತ 4: ‘ದ’ ಎಲ್ಲಿ ಬೇಕು, ಎಲ್ಲಿ ಬೇಡ

ಇದನ್ನು ನೀವು ಹೇಳಿಕೊಡುವ ಮುಂಚೆಯೇ ಅವರು ಒಪ್ಪಿಸುತ್ತಾರೆ: ಚೆಂಡಾಟದ ಮುಂದೆ ‘ದ’ ಇಲ್ಲ, ವಾದ್ಯದ ಮುಂದೆ ‘ದ’ ಉಂಟು. ‘ಪ್ಲೇ ಫುಟ್‌ಬಾಲ್’, ‘ಪ್ಲೇ ದ ಪಿಯಾನೊ’. ಚೀನಾದಲ್ಲಿ 2001ರ ನಂತರ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಶುರುವಾಗುತ್ತ ಬಂದಿದೆ, ಕಾಲೇಜಿಗೆ ಸೇರಲು ಬರೆಯುವ ಕಾವ್‌ಖಾವ್ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150 ಅಂಕ. ಈ ನಿಯಮ ಬಾಯಿಪಾಠವಾಗಿರದ ಮಕ್ಕಳು ಕಡಿಮೆ. ಮಾತಿನಲ್ಲಿ ಮಾತ್ರ ತಪ್ಪುತ್ತದೆ, ಏಕೆಂದರೆ ಅವರ ಭಾಷೆಯಲ್ಲಿ ‘ದ’ ಎಂಬುದೇ ಇಲ್ಲ. ನಮ್ಮಲ್ಲೂ ಇಲ್ಲ, ಆ ಕಷ್ಟ ನಮಗೆ ಗೊತ್ತು. ಸಂಗೀತಗಾರರೂ ಅಮೆರಿಕದವರೂ ‘ಪ್ಲೇ ಪಿಯಾನೊ’ ಎಂದು ‘ದ’ ಬಿಟ್ಟು ಹೇಳುವುದುಂಟು ಎಂದು ತಿಳಿಸಿ. ಪರೀಕ್ಷೆ ಬರೆಯುವವರಿಗೆ ಮಾತ್ರ ‘ದ’ ಬಿಡಬೇಡಿ ಎನ್ನಿ. ಮುಂದಕ್ಕೆ ಹೋಗಿ.

ಹಂತ 5: ‘ಪ್ಲೇ’ ಬಳಸಬಾರದ ಕಡೆ

ಶುರುವಿನಲ್ಲಿ ಹೇಳಿದ ಸಂದೇಶದ ತೊಡಕು ಇರುವುದು ಇಲ್ಲಿ. ‘ವಾನ್’ ಪದದ ಹರವು ಬಹಳ ದೊಡ್ಡದು. ಮಗು ಮರಳಿನಲ್ಲಿ ಆಡಿದರೂ ‘ವಾನ್’, ನಲವತ್ತು ವರ್ಷದವರು ಗೆಳೆಯರ ಜೊತೆ ಸಂಜೆ ಕಳೆದರೂ ‘ವಾನ್’, ಹಾಂಗ್‌ಜೋ ಊರಿಗೆ ಹೋಗಿ ಸರೋವರ ನೋಡಿ ಬಂದರೂ ‘ವಾನ್’. ಕನ್ನಡಿಗರಿಗೆ ಇದು ತಟ್ಟನೆ ಅರ್ಥವಾಗಬೇಕು. ಸುತ್ತಾಡು, ಓಡಾಡು, ಅಡ್ಡಾಡು, ಮಾತಾಡು: ನಮ್ಮ ದೊಡ್ಡವರ ಸಂಜೆಗಳ ತುಂಬ ‘ಆಡು’ ಇದೆ. ಗೆಳೆಯರೊಡನೆ ಸುತ್ತಾಡಿ, ಮಾತಾಡಿ ಬಂದೆವು ಎಂದರೆ ನಾವು ಮಕ್ಕಳಾಟ ಆಡಿದೆವು ಎಂದಲ್ಲ. ‘ವಾನ್’ ಹಾಗೇ.

ಇಂಗ್ಲಿಷಿನಲ್ಲಿ ಚೆಂಡಿಲ್ಲದ, ವಾದ್ಯವಿಲ್ಲದ, ಇಸ್ಪೀಟಿಲ್ಲದ ‘ಪ್ಲೇ’ ಮಕ್ಕಳದ್ದು. ದೊಡ್ಡವರು ಇನ್ನೊಬ್ಬ ದೊಡ್ಡವರಿಗೆ ‘ಪ್ಲೇ ಟುಗೆದರ್’ ಎಂದು ರಾತ್ರಿಯ ಹೊತ್ತಿಗೆ ಕರೆದರೆ ಅದಕ್ಕೆ ಮೈಸಲುಗೆಯ ಅರ್ಥ ಹತ್ತಿಕೊಳ್ಳುತ್ತದೆ. ಇದನ್ನು ವಿದ್ಯಾರ್ಥಿಗೆ ಮುಚ್ಚುಮರೆ ಇಲ್ಲದೆ, ಸಮಾಧಾನದಿಂದ ಹೇಳಬೇಕು. ನಾನು ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾಚಿಕೆಪಡುವ ಕಾರಣವೇ ಇಲ್ಲ, ನಿಮ್ಮ ಭಾಷೆಯ ಸೌಜನ್ಯವನ್ನು ಇಂಗ್ಲಿಷಿನ ಆ ಪದ ಹೊತ್ತುಕೊಳ್ಳಲಾರದು ಎಂದು ನಾನು ಅಂದೆ. ಅದು ನಿಜವೂ ಹೌದು.

ಒಂದು ಪುಟದಲ್ಲಿ ಎಡಕ್ಕೆ ಅವರು ಹೇಳುವ ವಾಕ್ಯ, ಬಲಕ್ಕೆ ಹೇಳಬೇಕಾದ ವಾಕ್ಯ ಬರೆಸಿ.

‘ಐ ಪ್ಲೇಡ್ ವಿತ್ ಮೈ ಫ್ರೆಂಡ್ಸ್’ ಬದಲು ‘ಐ ಮೆಟ್ ಸಮ್ ಫ್ರೆಂಡ್ಸ್’ ಅಥವಾ ‘ಐ ವೆಂಟ್ ಔಟ್ ವಿತ್ ಫ್ರೆಂಡ್ಸ್’.

‘ಐ ವಿಲ್ ಗೋ ಟು ಹಾಂಗ್‌ಜೋ ಟು ಪ್ಲೇ’ ಬದಲು ‘ಐ ಯಾಮ್ ಗೋಯಿಂಗ್ ಟು ಹಾಂಗ್‌ಜೋ ಫಾರ್ ಎ ಟ್ರಿಪ್’.

‘ವಿ ಪ್ಲೇಡ್ ವೆರಿ ಹ್ಯಾಪಿ’ ಬದಲು ‘ವಿ ಹ್ಯಾಡ್ ಎ ಗುಡ್ ಟೈಮ್’. ಇದು ‘ವಾನ್ ತ ಖಾಯ್‌ಶಿನ್’ ಎಂಬ ಅವರ ನಿತ್ಯದ ಮಾತಿನ ನೇರ ಅನುವಾದ, ಆದ್ದರಿಂದ ಬಿಡಿಸುವುದು ಕಷ್ಟ. ವಾರವಿಡೀ ಕೇಳಿಸಿಕೊಳ್ಳಲು ಸಿದ್ಧರಿರಿ.

‘ಮೈ ಸನ್ ಪ್ಲೇಸ್ ಫೋನ್’ ಬದಲು ‘ಮೈ ಸನ್ ಈಸ್ ಆನ್ ಹಿಸ್ ಫೋನ್’. ಫೋನಿನಲ್ಲಿ ಗೇಮ್ ಇದ್ದರೆ ‘ಪ್ಲೇಸ್ ಗೇಮ್ಸ್ ಆನ್ ಹಿಸ್ ಫೋನ್’.

‘ಮೈ ಫಾದರ್ ಪ್ಲೇಸ್ ಥಾಯ್‌ಚಿ’ ಬದಲು ‘ಡಸ್ ಥಾಯ್‌ಚಿ’. ಇಲ್ಲಿ ಎಡವಿಸುವುದು ‘ವಾನ್’ ಅಲ್ಲ, ‘ತಾ’. ಬ್ಯಾಸ್ಕೆಟ್‌ಬಾಲಿಗೂ ಥಾಯ್‌ಚಿಗೂ ಅವರಲ್ಲಿ ಒಂದೇ ಕ್ರಿಯಾಪದ ಆದ್ದರಿಂದ ಎರಡಕ್ಕೂ ‘ಪ್ಲೇ’ ಹಾಕುತ್ತಾರೆ. ಎದುರಾಳಿಯೂ ಅಂಕವೂ ಇಲ್ಲದ ಕಸರತ್ತಿಗೆ ಇಂಗ್ಲಿಷಿನಲ್ಲಿ ‘ಡೂ’: ಯೋಗಕ್ಕೆ, ಕುಂಗ್‌ಫುಗೆ. ಈಜಿಗೆ ‘ಗೋ ಸ್ವಿಮಿಂಗ್’.

ಪುಟ ತುಂಬಿದ ಮೇಲೆ ಅವರ ಸ್ವಂತದ ಒಂದು ಕರೆಯೋಲೆ ಬರೆಸಿ. ನನ್ನ ವಿದ್ಯಾರ್ಥಿ ಬರೆದದ್ದು: ‘ಪ್ಲೀಸ್ ಕಮ್ ಟು ಅವರ್ ಹೋಮ್ ಫಾರ್ ಡಿನ್ನರ್ ವಿತ್ ಮೈ ಫ್ಯಾಮಿಲಿ. ಮೈ ಡಾಟರ್ ವಿಲ್ ಪ್ಲೇ ದ ಕೂಚಂಗ್ ಫಾರ್ ಯು.’ ಕೂಚಂಗ್ ಅವರ ಉದ್ದನೆಯ ತಂತಿವಾದ್ಯ. ‘ಪ್ಲೇ’ ತನ್ನ ಜಾಗದಲ್ಲಿ ಬಂದು ಕೂತಿತ್ತು, ‘ದ’ ಸಮೇತ.

ಹಂತ 6: ನಾಟಕದ ‘ಪ್ಲೇ’

‘ಎ ಪ್ಲೇ’ ಎಂದರೆ ನಾಟಕ. ಇದು ಬೇರೆ ಅರ್ಥ, ಬೇರೆಯಾಗಿ ನೆನಪಿಡಿ ಎಂದು ಸಾಮಾನ್ಯವಾಗಿ ಕಲಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಚೀನೀ ಭಾಷೆಯಲ್ಲಿ ‘ಶೀ’ ಎಂದರೆ ರಂಗದ ಮೇಲಿನ ಆಟ. ಅದೇ ‘ಶೀ’ ಸೇರಿ ‘ಯೋವ್‌ಶೀ’ ಆದರೆ ಗೇಮ್, ಆಟ. ನಮ್ಮ ಕರಾವಳಿಯಲ್ಲಿ ‘ರಾತ್ರಿ ಆಟಕ್ಕೆ ಹೋಗಿದ್ದೆವು’ ಎಂದರೆ ಯಕ್ಷಗಾನಕ್ಕೆ ಎಂದೇ ಅರ್ಥ. ಬಯಲಾಟ, ಸಣ್ಣಾಟ, ಗೊಂಬೆಯಾಟ ಎಲ್ಲವೂ ಆಟವೇ. ಮೂರು ಭಾಷೆಗಳೂ ಬೇರೆ ಬೇರೆಯಾಗಿ ನಡೆದು ಬಂದು ಒಂದೇ ಕಡೆ ಸೇರಿದಂತಿದೆ: ಆಡುವುದೂ ಅಭಿನಯಿಸುವುದೂ ಒಂದೇ ಬೇರಿನವು. ಹಳೆಯ ಇಂಗ್ಲಿಷಿನಲ್ಲೂ ಈ ಪದ ಮೈ ಚುರುಕಾಗಿ ಚಲಿಸುವುದರಿಂದಲೇ ಶುರುವಾದದ್ದು.

ಯಿವು ಇರುವ ಜಿನ್‌ಹುವಾ ಸೀಮೆಗೆ ತನ್ನದೇ ಆದ ವೂ ನಾಟಕ ಸಂಪ್ರದಾಯ ಇದೆ. ಯಾವ ಊರಿನವರಾದರೂ ಅವರ ಕಡೆಯ ರಂಗಭೂಮಿಯ ಹೆಸರು ಕೇಳಿ, ಅದರಿಂದಲೇ ವಾಕ್ಯ ಕಟ್ಟಿಸಿ. ಓದಿದವರಾದರೆ ನಾಟಕಕಾರ ಥಾಂಗ್ ಶಿಯೆನ್‌ಜು ಅವರ ಬಗ್ಗೆ ಕೇಳಿ. ‘ಪಿಯನಿ ಪೆವಿಲಿಯನ್’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ನಾಟಕವನ್ನು 1598ರಲ್ಲಿ ಮುಗಿಸಿದವರು, ಇದೇ ಜೆಜಿಯಾಂಗ್ ಪ್ರಾಂತ್ಯದ ಸುಯ್‌ಚಾಂಗ್‌ನಲ್ಲಿ ಅಧಿಕಾರಿಯಾಗಿದ್ದವರು. ತೀರಿಕೊಂಡದ್ದು 1616ರಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡ ವರ್ಷವೇ. ‘ಥಾಂಗ್ ರೋಟ್ ಪ್ಲೇಸ್, ಶೇಕ್ಸ್‌ಪಿಯರ್ ರೋಟ್ ಪ್ಲೇಸ್, ದೆ ಡೈಡ್ ಇನ್ ದ ಸೇಮ್ ಇಯರ್’ ಎಂಬ ವಾಕ್ಯವನ್ನು ನಾನು ಪ್ರತಿ ವಿದ್ಯಾರ್ಥಿಯಿಂದಲೂ ಹೇಳಿಸುತ್ತೇನೆ. ಮರೆತವರು ಇನ್ನೂ ಸಿಕ್ಕಿಲ್ಲ.

ಹಂತ 7: ಉಳಿದ ಅರ್ಥಗಳು, ಬೇಕಾದಷ್ಟೇ

‘ಪ್ಲೇ ಆನ್ ಇಂಪಾರ್ಟೆಂಟ್ ರೋಲ್’ ಅವರಿಗೆ ಚೆನ್ನಾಗಿ ಗೊತ್ತು. ಪರೀಕ್ಷೆಯ ಪ್ರಬಂಧಗಳಲ್ಲಿ ನೀರು, ಶಿಕ್ಷಣ, ಇಂಟರ್‌ನೆಟ್ಟು ಎಲ್ಲವೂ ಮುಖ್ಯ ‘ರೋಲ್’ ಆಡುತ್ತವೆ. ಒಂದು ಪುಟಕ್ಕೆ ಒಂದೇ ಸಲ ಎಂದು ಕಟ್ಟುನಿಟ್ಟು ಮಾಡಿ. ‘ಪ್ಲೇ ಎ ಟ್ರಿಕ್’, ‘ಪ್ಲೇ ಸೇಫ್’, ‘ಫೇರ್ ಪ್ಲೇ’ ಓದುವಾಗ ಎದುರಾದಾಗ ಹೇಳಿದರೆ ಸಾಕು, ಪಟ್ಟಿ ಮಾಡಿ ಕೊಡಬೇಡಿ.

ವ್ಯಾಪಾರದಲ್ಲಿರುವವರಿಗೆ ಒಂದನ್ನು ಮಾತ್ರ ತಪ್ಪದೆ ಕಲಿಸಿ. ಯಂತ್ರದ ಭಾಗಗಳ ನಡುವಿನ ಸಡಿಲಕ್ಕೂ ‘ಪ್ಲೇ’ ಎನ್ನುತ್ತಾರೆ. ನಮ್ಮ ಗ್ಯಾರೇಜಿನಲ್ಲಿ ‘ಸ್ಟೀರಿಂಗ್ ಪ್ಲೇ ಜಾಸ್ತಿ ಆಗಿದೆ’ ಎನ್ನುವುದನ್ನು ಕೇಳಿದ್ದೀರಲ್ಲ, ಅದೇ. ಗಿರಾಕಿಯೊಬ್ಬರು ‘ದೇರ್ ಈಸ್ ಟೂ ಮಚ್ ಪ್ಲೇ ಇನ್ ದ ಹಿಂಜ್’ ಎಂದು ಬರೆದರೆ, ಕೀಲು ಅಲುಗುತ್ತಿದೆ, ಮಾಲು ಸರಿಯಿಲ್ಲ ಎಂಬ ದೂರು ಅದು. ಒಂದು ಬಾಗಿಲಿನ ಕೀಲನ್ನೋ ಸಡಿಲಾದ ಕತ್ತರಿಯನ್ನೋ ಕೈಗೆ ಕೊಟ್ಟು ಅಲ್ಲಾಡಿಸಿ ತೋರಿಸಿ. ಕೈಗೆ ತಗುಲಿದ ಅರ್ಥ ಉಳಿಯುತ್ತದೆ.

ಹಂತ 8: ಒಂದು ವಾರದ ನೋಟ್‌ಪುಸ್ತಕ

ದಿನಕ್ಕೆ ಮೂರು ವಾಕ್ಯ ಬರೆಸಿ. ಎರಡರಲ್ಲಿ ‘ಪ್ಲೇ’ ಇರಲಿ. ಮೂರನೆಯದು, ಚೀನೀ ಭಾಷೆಯಲ್ಲಿ ‘ವಾನ್’ ಇದ್ದೂ ಇಂಗ್ಲಿಷಿನಲ್ಲಿ ‘ಪ್ಲೇ’ ಇಲ್ಲದ ವಾಕ್ಯ. ಮೂರನೆಯದೇ ಹೆಚ್ಚು ಮುಖ್ಯ. ಮಾತಾಡುವಾಗ ತಪ್ಪು ಬಂದರೆ ನಡುವೆ ತಡೆದು ತಿದ್ದಬೇಡಿ, ನಿಮ್ಮ ಕೈಯನ್ನು ಸುಮ್ಮನೆ ಮೇಜಿನ ಮೇಲೆ ಇಳಿಸಿ. ಮೂರನೆಯ ಹಂತದ ಕೈ ನೆನಪಾಗಿ ಅವರೇ ವಾಕ್ಯ ಬದಲಿಸುತ್ತಾರೆ.

ಏಳನೆಯ ದಿನ ಈ ಆರನ್ನು ಅವರ ಭಾಷೆಯಲ್ಲಿ ಹೇಳಲು ತಿಳಿಸಿ, ಅಲ್ಲಿಂದ ಅವರೇ ಇಂಗ್ಲಿಷಿಗೆ ತರಲಿ: ಅಜ್ಜ ಚದುರಂಗ ಆಡುತ್ತಾರೆ. ಅಜ್ಜಿ ಥಾಯ್‌ಚಿ ಮಾಡುತ್ತಾರೆ. ತಮ್ಮ ಕೊಳಲು ಊದುತ್ತಾನೆ. ಅಂಗಡಿಯಲ್ಲಿ ಹಾಡು ಹಾಕಿದ್ದಾರೆ. ಭಾನುವಾರ ಗೆಳತಿಯರ ಜೊತೆ ಸುತ್ತಾಡಿ ಬಂದೆ. ನಾಳೆ ನಮ್ಮ ಮನೆಗೆ ಬನ್ನಿ. ನಾಲ್ಕರಲ್ಲಿ ‘ಡೂ’ ಅಥವಾ ‘ಪ್ಲೇ’, ಕೊನೆಯ ಎರಡರಲ್ಲಿ ಎರಡೂ ಇಲ್ಲ. ಕೊನೆಯ ಎರಡು ಸರಿ ಬಂದರೆ ಪದ ಬದಲಿಸಿ ಮುಂದಿನ ವಾರಕ್ಕೆ ‘ಓಪನ್’ ಎತ್ತಿಕೊಳ್ಳಿ. ದೀಪವನ್ನೂ ಕಾರನ್ನೂ ಸಭೆಯನ್ನೂ ‘ಓಪನ್’ ಮಾಡುವ ತೊಂದರೆ ಅಲ್ಲಿ ಕಾದಿದೆ. ಸರಿ ಬರದಿದ್ದರೆ ಐದನೆಯ ಹಂತದ ಪುಟ ತೆಗೆದು, ಇನ್ನೊಂದು ಕರೆಯೋಲೆ ಬರೆಸಿ.